‘ಪೇಷಂಟ್ ಕೋಆಪರೇಟ್ ಮಾಡ್ತಿಲ್ಲ’ ಎಂದು ಬರೆಯುವ ಮುಂಚೆ

ಐಸಿಯುನಲ್ಲಿ ಡ್ಯೂಟಿ ಮಾಡುವ ನರ್ಸ್ ತಂಗಿಯರಿಗೆ, ತಮ್ಮಂದಿರಿಗೆ,

ನಾನು 27 ವರ್ಷ ಸ್ಟಾಫ್ ನರ್ಸ್ ಆಗಿದ್ದವಳು. ಅದರಲ್ಲಿ 19 ವರ್ಷ ಐಸಿಯುನಲ್ಲೇ ಕಳೆದವು. ಹೋದ ವರ್ಷ ನಿವೃತ್ತಳಾದೆ. ಈಗಲೂ ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಯಾವ ಬೆಡ್ಡಿನ ಅಲಾರಂ ಎಂದು ಮೊದಲು ಕಿವಿಗೊಡುತ್ತೇನೆ, ಆಮೇಲೆ ಮನೆಯಲ್ಲಿದ್ದೇನೆ ಎಂಬುದು ನೆನಪಾಗುತ್ತದೆ.

ಈ ಪತ್ರ ಬರೆಯಲು ಕಾರಣ ನಮ್ಮ ಭಾವನವರು. ಕಳೆದ ತಿಂಗಳು ಉಸಿರಾಟದ ತೊಂದರೆ ಹೆಚ್ಚಾಗಿ ಐಸಿಯು ಸೇರಿದ್ದರು. ಬೈಪ್ಯಾಪ್ ಹಾಕಿದ್ದರು. ನೋಡಲು ಒಳಗೆ ಹೋದಾಗ ಹಳೇ ಅಭ್ಯಾಸ, ಕಾಲ ಬಳಿ ಇದ್ದ ಚಾರ್ಟಿನ ಮೇಲೆ ಕಣ್ಣು ಹೋಯಿತು. ‘ನಾಟ್ ಟಾಲರೇಟಿಂಗ್ ಬೈಪ್ಯಾಪ್. ಪೇಷಂಟ್ ಅನ್‌ಕೋಆಪರೇಟಿವ್’ ಎಂದು ಬರೆದಿತ್ತು. ಭಾವನವರ ಮೂಗಿನ ದಿಂಡಿನ ಮೇಲೆ ಬೆರಳಗಲ ಕೆಂಪು ಬರೆ ಎದ್ದಿತ್ತು. ಮಾಸ್ಕಿನ ಪಟ್ಟಿ ಕೆನ್ನೆಯೊಳಕ್ಕೆ ಹೂತುಹೋಗಿತ್ತು. ಮಾಸ್ಕೇ ಒಂದು ಸೈಜ್ ದೊಡ್ಡದು. ಗಾಳಿ ಸೋರದಿರಲೆಂದು ಬಿಗಿದು ಬಿಗಿದು ಕಟ್ಟಿದ್ದರು. ಸೋರಿದ ಗಾಳಿ ನೇರ ಎಡಗಣ್ಣಿಗೆ ಹೊಡೆಯುತ್ತಿತ್ತು. ಆ ಕಣ್ಣು ಕೆಂಪಾಗಿ ನೀರು ಸುರಿಸುತ್ತಿತ್ತು.

ಅದು ಯಾವ ಆಸ್ಪತ್ರೆ ಎಂದು ಹೇಳುವುದಿಲ್ಲ. ಹೇಳುವ ಹಕ್ಕೂ ನನಗಿಲ್ಲ, ಯಾಕೆಂದರೆ ಅದೇ ಸಾಲನ್ನು ನಾನೂ ನನ್ನ ಕೈಯಾರೆ ನೂರಾರು ಸಲ ಬರೆದಿದ್ದೇನೆ. ಬರೆದು, ಸಹಿ ಹಾಕಿ, ಮುಂದಿನ ಬೆಡ್ಡಿಗೆ ಹೋಗಿದ್ದೇನೆ. ಆ ಸಾಲು ರೋಗಿಯ ಬಗ್ಗೆ ಹೇಳುತ್ತದೆ ಎಂದುಕೊಂಡಿದ್ದೆ. ಅದು ಹಾಸಿಗೆಯ ಪಕ್ಕ ನಿಂತಿದ್ದ ನನ್ನ ಬಗ್ಗೆ ಹೇಳುತ್ತಿತ್ತು ಎಂದು ತಿಳಿಯಲು ನನಗೆ ವರ್ಷಗಳೇ ಬೇಕಾದವು. ನಿಮಗೆ ಅಷ್ಟು ಹೊತ್ತು ಹಿಡಿಯಬಾರದು ಅಂತ ಬರೆಯುತ್ತಿದ್ದೇನೆ.

ಈ ಮಾಸ್ಕಿನ ಬೆಲೆ ಏನು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಸಿಒಪಿಡಿ ಜೋರಾದ ರೋಗಿಯ ಶ್ವಾಸನಾಳಗಳು ಕಿರಿದಾಗಿ, ಒಳಗೆ ಹೋದ ಗಾಳಿ ಪೂರ್ತಿ ಹೊರಗೆ ಬರುವುದಿಲ್ಲ. ಎದೆ ಉಬ್ಬಿಕೊಂಡೇ ಇರುತ್ತದೆ. ವಪೆ ಚಪ್ಪಟೆಯಾಗಿ, ದುಡಿದು ದುಡಿದು ಸೋಲುತ್ತದೆ. ಇಂಗಾಲದ ಡೈಆಕ್ಸೈಡ್ ರಕ್ತದಲ್ಲಿ ಏರುತ್ತದೆ, ರಕ್ತ ಆಮ್ಲವಾಗುತ್ತದೆ, ರೋಗಿಗೆ ಮಂಪರು ಬರುತ್ತದೆ. ಬೈಪ್ಯಾಪ್ ಮಾಡುವುದು ಇಷ್ಟೇ: ಅವರು ಉಸಿರು ಎಳೆದಾಗ ಗಾಳಿಯನ್ನು ಒತ್ತಿ ಕೊಟ್ಟು ಭಾರದ ಒಂದು ಪಾಲು ತಾನು ಹೊರುತ್ತದೆ, ಬಿಡುವಾಗ ಸ್ವಲ್ಪ ಒತ್ತಡ ಉಳಿಸಿ ನಾಳಗಳು ಮುಚ್ಚಿಕೊಳ್ಳದಂತೆ ತಡೆಯುತ್ತದೆ. ಸೋತ ಸ್ನಾಯುವಿಗೆ ಆಗ ವಿಶ್ರಾಂತಿ ಸಿಗುತ್ತದೆ. ಗಂಟಲಿಗೆ ನಳಿಕೆ ಇಳಿಸದೆ ಇದೆಲ್ಲ ಆಗುತ್ತದೆ.

1995ರಲ್ಲಿ ಫ್ರಾನ್ಸಿನ ಲೊರಾಂ ಬ್ರೊಷಾರ್ ಮತ್ತು ಜೊತೆಗಾರರು ಇಂಥ 85 ರೋಗಿಗಳ ಮೇಲೆ ಮಾಡಿದ ಅಧ್ಯಯನ ಪ್ರಕಟವಾಯಿತು. ಮಾಸ್ಕ್ ಇಲ್ಲದ ಗುಂಪಿನಲ್ಲಿ ನೂರಕ್ಕೆ 74 ಮಂದಿಗೆ ನಳಿಕೆ ಹಾಕಬೇಕಾಯಿತು, ಮಾಸ್ಕ್ ಹಾಕಿದವರಲ್ಲಿ 26 ಮಂದಿಗೆ. ಆಸ್ಪತ್ರೆಯಲ್ಲಿ ತೀರಿಕೊಂಡವರು ನೂರಕ್ಕೆ 29ರಿಂದ 9ಕ್ಕೆ ಇಳಿದರು. ಐದು ವರ್ಷದ ನಂತರ ಇಂಗ್ಲೆಂಡಿನ 14 ಆಸ್ಪತ್ರೆಗಳಲ್ಲಿ, ಐಸಿಯುನಲ್ಲೂ ಅಲ್ಲ, ಮಾಮೂಲಿ ವಾರ್ಡುಗಳಲ್ಲಿ, 236 ರೋಗಿಗಳ ಮೇಲೆ ಇದನ್ನೇ ನೋಡಿದರು. ಸಾವು ನೂರಕ್ಕೆ 20 ಇದ್ದದ್ದು 10 ಆಯಿತು. ಅಲ್ಲಿ ಮಾಸ್ಕ್ ಹಾಕಿ ನೋಡಿಕೊಂಡದ್ದು ವಾರ್ಡಿನ ಸಿಬ್ಬಂದಿಯೇ. ಅಂದರೆ ನಮ್ಮಂಥವರೇ. ನಮ್ಮ ಭಾರತೀಯ ಕ್ರಿಟಿಕಲ್ ಕೇರ್ ಸಂಘವೂ 2020ರಲ್ಲಿ ಈ ಚಿಕಿತ್ಸೆಗೆಂದೇ ಮಾರ್ಗಸೂಚಿ ಹೊರತಂದಿದೆ.

ಇಷ್ಟೆಲ್ಲ ಲೆಕ್ಕ ನಿಲ್ಲುವುದು ಮಾಸ್ಕ್ ಮುಖದ ಮೇಲೆ ಇದ್ದರೆ. ಕಿತ್ತು ದಿಂಬಿನ ಮೇಲೆ ಬಿದ್ದಿರುವ ಮಾಸ್ಕ್ ಯಾರನ್ನೂ ಉಳಿಸುವುದಿಲ್ಲ.

ನಾನು ಒಂದು ಮಧ್ಯಾಹ್ನ, ಬೆಡ್ ಖಾಲಿ ಇದ್ದಾಗ, ಆ ಮಾಸ್ಕನ್ನು ನಾನೇ ಹಾಕಿಕೊಂಡು ಮಲಗಿದೆ. ನೀವೂ ಒಮ್ಮೆ ಹಾಕಿಕೊಂಡು ನೋಡಿ ಎಂದು ಕೈಮುಗಿದು ಕೇಳುತ್ತೇನೆ. ಮೇಲಿನ ಒತ್ತಡ 12, ಕೆಳಗಿನದು 5, ನಾವು ದಿನಾ ಯೋಚಿಸದೆ ಇಡುವ ಸೆಟ್ಟಿಂಗು. ಓಡುವ ಬಸ್ಸಿನ ಕಿಟಕಿಯಿಂದ ಮುಖ ಹೊರಗೆ ಹಾಕಿದ ಹಾಗೆ ಗಾಳಿ ನುಗ್ಗಿತು. ಉಸಿರು ಎಳೆಯಲು ಶುರು ಮಾಡುವಷ್ಟರಲ್ಲಿ ಅದೇ ತುಂಬಿತು. ಬಿಡಬೇಕು ಎನ್ನುವಾಗ ಇನ್ನೂ ತುಂಬುತ್ತಲೇ ಇತ್ತು. ಬಾಯಿ ಐದು ನಿಮಿಷಕ್ಕೆ ಒಣಗಿ ನಾಲಗೆ ಅಂಟಿತು. ‘ಸಾಕು’ ಎಂದು ಕೂಗಿದೆ. ಪಕ್ಕದಲ್ಲೇ ನಿಂತು ಮಾತಾಡುತ್ತಿದ್ದ ಇಬ್ಬರಿಗೂ ಕೇಳಿಸಲಿಲ್ಲ. ಆ ಕ್ಷಣ ನನ್ನ ಕೈ ತಾನಾಗಿ ಮುಖಕ್ಕೆ ಹೋಯಿತು. ನನಗೆ ಶ್ವಾಸಕೋಶ ಗಟ್ಟಿಯಿತ್ತು, ಅದು ಏನು ಎಂಬುದು ಗೊತ್ತಿತ್ತು, ಬೇಕೆಂದಾಗ ತೆಗೆಯಬಹುದು ಎಂಬುದೂ ಗೊತ್ತಿತ್ತು. ಉಸಿರಿಗಾಗಿ ಒದ್ದಾಡುತ್ತಿರುವ ಒಬ್ಬರ ಮೂಗು ಬಾಯಿ ಎರಡನ್ನೂ ಗುರುತಿಲ್ಲದ ಜನ ಬಂದು ಮುಚ್ಚಿದರೆ ಅವರು ಕಿತ್ತು ಹಾಕದೆ ಇನ್ನೇನು ಮಾಡಬೇಕು?

ಈಗ ಒಬ್ಬ ಅಜ್ಜಿಯ ವಿಷಯ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಬೇಸರ ಮಾಡಿಕೊಳ್ಳಬೇಡಿ. ನನಗೆ ಈ ಕೆಲಸ ಕಲಿಸಿದ್ದು ಆಕೆ.

ಅರಸೀಕೆರೆ ಕಡೆಯ ಹಳ್ಳಿ. ಎಪ್ಪತ್ತು ದಾಟಿತ್ತು. ಬೀಡಿ ಮುಟ್ಟಿದವರಲ್ಲ, ಐವತ್ತು ವರ್ಷ ಸೌದೆ ಒಲೆಯ ಮುಂದೆ ಕೂತವರು. ನಮ್ಮ ಹಳ್ಳಿಗಾಡಿನ ಹೆಂಗಸರ ಸಿಒಪಿಡಿಗೆ ಆ ಹೊಗೆಯೇ ದೊಡ್ಡ ಕಾರಣ. ಈಗ ಗ್ಯಾಸ್ ಬಂದಿರಬಹುದು, ಹೊಗೆ ಕುಡಿದ ಎದೆಗಳು ಇನ್ನೂ ಇವೆ. ರಾತ್ರಿ ಒಂಬತ್ತೂವರೆಗೆ ತಂದರು. ಪಿಎಚ್ 7.24, ಇಂಗಾಲದ ಡೈಆಕ್ಸೈಡ್ 82. ಡ್ಯೂಟಿ ಡಾಕ್ಟರು ಬೈಪ್ಯಾಪ್ ಹೇಳಿ ಎಮರ್ಜೆನ್ಸಿಗೆ ಓಡಿದರು. ಕೆಲಸಕ್ಕೆ ಸೇರಿ ಎರಡು ತಿಂಗಳಾಗಿದ್ದ ಹುಡುಗಿ ಮಾಸ್ಕ್ ಹಾಕಿ, ಪಟ್ಟಿ ಬಿಗಿದು, 16ಕ್ಕೆ 6 ಇಟ್ಟು ಆನ್ ಮಾಡಿದಳು. ಅಜ್ಜಿ ಒಂದೇ ಏಟಿಗೆ ಮಾಸ್ಕ್ ಕಿತ್ತು, ಹುಡುಗಿಯ ಕೈಗೆ ಬಾರಿಸಿ, ‘ನನ್ ಸಾಯ್ಸ್ತಾವ್ರೆ ಕಣಪ್ಪೋ’ ಎಂದು ಹೊರಗೆ ಕೇಳುವಂತೆ ಕೂಗಿದರು. ಮತ್ತೆ ಹಾಕಿದರು, ಮತ್ತೆ ಕಿತ್ತರು. ಮೂರನೇ ಸಲಕ್ಕೆ ಹುಡುಗಿ ಅಳುತ್ತಾ ನನ್ನ ಹತ್ತಿರ ಬಂದಳು. ಇನ್ನೊಂದು ಕಡೆ ಇಂಟ್ಯುಬೇಶನ್ ಟ್ರೇ ತೆಗೆದಿಡಿ ಎಂಬ ಮಾತು ಬಂದಿತ್ತು.

ನಾನು ಹೋಗಿ ಮೊದಲು ಮೆಷಿನ್ನಿನ ಸದ್ದು ನಿಲ್ಲಿಸಿದೆ. ಮೂಗಿನ ಆಕ್ಸಿಜನ್ ಹಾಕಿ, ಸ್ಯಾಚುರೇಶನ್ 88ರಿಂದ 92ರ ನಡುವೆ ನಿಲ್ಲುವಷ್ಟು ಮಾತ್ರ ಬಿಟ್ಟೆ. ಅಜ್ಜಿ ಮಲಗಿದ್ದರು, ಅದೇ ಮೊದಲ ತಪ್ಪು. ದಮ್ಮು ಬಂದವರು ಯಾರಾದರೂ ಮಲಗುತ್ತಾರೆಯೇ? ತಲೆಯ ಕಡೆ ಪೂರ್ತಿ ಎತ್ತಿ, ಮುಂದೆ ಟೇಬಲ್ ಎಳೆದು, ಅದರ ಮೇಲೆ ದಿಂಬು ಇಟ್ಟು ಎರಡು ಮೊಣಕೈ ಊರಿಸಿದೆ. ಮನೆಯಲ್ಲಿ ಆಕೆ ಕೂರುತ್ತಿದ್ದುದು ಹಾಗೆಯೇ ಅಂತೆ, ಮೊಣಕಾಲ ಮೇಲೆ ಕೈಯೂರಿ. ಭುಜದ ಬಿಗಿ ಸ್ವಲ್ಪ ಇಳಿಯಿತು.

ಆಮೇಲೆ ಕೇಳಿದೆ, ‘ಅಜ್ಜಿ, ಒಲೆ ಉರೀದೆ ಇದ್ರೆ ಏನ್ ಮಾಡ್ತಿದ್ರಿ?’

ಆಕೆ ನನ್ನ ಮುಖ ನೋಡಿದರು. ಒಂದೊಂದೇ ಮಾತು ಬಂತು. ‘ಊದ್‌ಗೊಳ್ವೇಲಿ... ಊದ್ತಿದ್ದೆ.’

‘ಈಗ ನಿಮ್ಮೆದೇಲಿ ಬೆಂಕಿ ಕಮ್ಮಿ ಆಗದೆ. ನಿಮ್ಗೆ ಊದೋಕೆ ಶಕ್ತಿ ಇಲ್ಲ. ಇದು ಊದ್‌ಗೊಳ್ವೆ. ಇದು ನಿಮ್ಗೆ ಊದ್ತದೆ. ಮೊದ್ಲು ಕೈಗೆ ಊದುಸ್ತೀನಿ, ನೋಡಿ.’

ಒತ್ತಡ 8ಕ್ಕೆ 4 ಮಾಡಿ, ಕೊಳವೆಯ ಗಾಳಿಯನ್ನು ಆಕೆಯ ಅಂಗೈಗೆ ಬಿಟ್ಟೆ. ಆಮೇಲೆ ಕೆನ್ನೆಗೆ. ಆಮೇಲೆ ಪಟ್ಟಿ ಇಲ್ಲದ ಬರೀ ಮಾಸ್ಕನ್ನು ಆಕೆಯ ಕೈಗೇ ಕೊಟ್ಟು, ಆ ಕೈಯ ಮೇಲೆ ನನ್ನ ಕೈ ಇಟ್ಟು, ಮುಖದ ಹತ್ತಿರ ತಂದೆ. ‘ಐದು ಉಸ್ರು. ನಾನು ಎಣಿಸ್ತೀನಿ. ಐದಾದ ಮ್ಯಾಲೆ ನೀವೇ ತೆಗೀರಿ.’ ಐದಾಯಿತು, ತೆಗೆದರು. ತೆಗೆಯಲು ಬಿಟ್ಟೆ. ಮುಖ್ಯವಾದದ್ದು ಇದೇ. ಮಾಸ್ಕ್ ತೆಗೆದರೂ ಯಾರೂ ಗದರಲಿಲ್ಲ, ಒತ್ತಿ ಹಿಡಿಯಲಿಲ್ಲ ಎಂಬುದು ಆಕೆಗೆ ಗೊತ್ತಾಗಬೇಕಿತ್ತು. ತೆಗೆದ ಆ ಬಿಡುವಿನಲ್ಲಿ ಅಜ್ಜಿ ಮೂಗು ಮುಟ್ಟಿ ತೋರಿಸಿ ಅಂದರು, ‘ಮೂಗ್‌ಬೊಟ್ಟು ಒತ್ತತದೆ ಕಣವ್ವ.’

ಮೂಗಿನ ಎರಡೂ ಕಡೆ ಹಳೆಯ ಕಾಲದ ಹರಳಿನ ಮೂಗುಬೊಟ್ಟು. ಮಾಸ್ಕಿನ ಅಂಚು ಸರಿಯಾಗಿ ಅದರ ಮೇಲೆ ಕೂತು, ತಿರುಪನ್ನು ಒಳಗಿನ ಚರ್ಮಕ್ಕೆ ಒತ್ತುತ್ತಿತ್ತು. ಬಲಗಡೆ ಆಗಲೇ ರಕ್ತ ಜಿನುಗಿತ್ತು. ಮೂರು ಸಲ ಮಾಸ್ಕ್ ಹಾಕಿದ ಹುಡುಗಿಯಾಗಲಿ, ದೂರದಿಂದ ನೋಡುತ್ತಿದ್ದ ನಾನಾಗಲಿ ಅದನ್ನು ನೋಡಿರಲಿಲ್ಲ. ಮಾಸ್ಕ್ ಹಾಕಿದ ಮೇಲೆ ಆಕೆ ಹೇಳಿದರೂ ನಮಗೆ ಕೇಳುತ್ತಿರಲಿಲ್ಲ.

ಸೊಸೆಯನ್ನು ಒಳಗೆ ಕರೆದೆವು. ಮದುವೆಯ ದಿನದಿಂದ ತೆಗೆದಿರದ ಒಡವೆ. ತೆಗೆಯೋಣವೇ ಎಂದು ಅಜ್ಜಿಯನ್ನೇ ಕೇಳಿದೆವು. ತಲೆಯಾಡಿಸಿದರು. ಸೊಸೆ ಕೊಬ್ಬರಿ ಎಣ್ಣೆ ಹಚ್ಚಿ, ನಿಧಾನ ತಿರುಗಿಸಿ ಎರಡನ್ನೂ ಬಿಚ್ಚಿ, ಅತ್ತೆಯ ಕಣ್ಣೆದುರೇ ತನ್ನ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಅಲ್ಲಿಂದ ಮುಂದೆ ಐದು ಉಸಿರು ಹತ್ತಾಯಿತು, ಹತ್ತು ಇಪ್ಪತ್ತಾಯಿತು. ಪಟ್ಟಿ ಹಾಕಿದೆ, ಎರಡು ಬೆರಳು ಒಳಗೆ ಆಡುವಷ್ಟು ಸಡಿಲವಾಗಿ. ಒತ್ತಡವನ್ನು ಐದೈದು ನಿಮಿಷಕ್ಕೆ ಎರಡೆರಡು ಏರಿಸಿದೆ. ಗೋಡೆಯ ಗಡಿಯಾರ ತೋರಿಸಿ, ‘ದೊಡ್ಡ ಮುಳ್ಳು ಕೆಳಕ್ಕೆ ಬಂದಾಗ ಬಿಚ್ಚಿ ನೀರು ಕೊಡ್ತೀನಿ’ ಅಂದೆ. ಮುಳ್ಳು ಆರಕ್ಕೆ ಬಂದಾಗ, ಅವರು ಪೂರ್ತಿ ಎಚ್ಚರವಿದ್ದು ನುಂಗುತ್ತಾರೆ ಎಂದು ಖಾತ್ರಿ ಮಾಡಿಕೊಂಡು, ಬಿಚ್ಚಿ ಎರಡು ಚಮಚ ನೀರು ಕೊಟ್ಟೆ. ಆ ಹೊತ್ತಿಗೆ ನಾಲ್ಕನೇ ಬೆಡ್ಡಿನವರು ಕರೆಯುತ್ತಿದ್ದರು. ಆದರೂ ಮೊದಲು ನೀರು ಕೊಟ್ಟೇ ಹೋದೆ. ಹೇಳಿದ ಹೊತ್ತಿಗೆ ಬಿಚ್ಚದೇ ಹೋಗಿದ್ದರೆ ಆ ರಾತ್ರಿ ಆಕೆ ಮತ್ತೆ ನನ್ನ ಮಾತು ನಂಬುತ್ತಿರಲಿಲ್ಲ.

ಶುರುವಿನಿಂದ ಇಲ್ಲಿಗೆ ನನಗೆ ಹಿಡಿದದ್ದು 40 ನಿಮಿಷ. ಪಟ್ಟಿ ಕಟ್ಟಿದ ಒಂದು ಗಂಟೆಗೆ ಎಬಿಜಿ ಕಳಿಸಿದಾಗ ಪಿಎಚ್ 7.30 ಬಂತು. ಟ್ರೇ ಮುಚ್ಚಿಟ್ಟೆವು. ಎಂಟನೇ ದಿನ ಅಜ್ಜಿ ಮನೆಗೆ ಹೋದರು, ಮೂಗುಬೊಟ್ಟು ಹಾಕಿಕೊಂಡೇ.

ಇನ್ನೊಬ್ಬರ ವಿಷಯ ಹೇಳಲೇಬೇಕು. ಇದು ಅಜ್ಜಿಗಿಂತ ಹಿಂದೆ ನಡೆದದ್ದು. ಅರವತ್ತು ದಾಟಿದ ಯಜಮಾನರು, ಹೃದಯದ ತೊಂದರೆಯಿಂದ ಶ್ವಾಸಕೋಶದಲ್ಲಿ ನೀರು ತುಂಬಿತ್ತು. ರಾತ್ರಿ ಪಾಳಿ, ಒಂಬತ್ತು ಬೆಡ್ಡಿಗೆ ನಾವಿಬ್ಬರು. ಅವರು ಪದೇ ಪದೇ ಮಾಸ್ಕಿಗೆ ಕೈ ಹಾಕುತ್ತಿದ್ದರು. ಎರಡು ಗಂಟೆಯ ಹೊತ್ತಿಗೆ ನಾನು ಗಾಜ್ ಬಟ್ಟೆ ಮಡಚಿ ಅವರ ಎರಡೂ ಮಣಿಕಟ್ಟನ್ನು ಮಂಚದ ಕಂಬಿಗೆ ಕಟ್ಟಿದೆ. ‘ರೆಸ್ಟ್‌ಲೆಸ್’ ಎಂದು ಬರೆದೆ. ಹತ್ತು ನಿಮಿಷದಲ್ಲಿ ಇನ್ನೊಂದು ಬೆಡ್ಡಿನಲ್ಲಿ ಹೃದಯ ನಿಂತಿತು, ಇಬ್ಬರೂ ಅಲ್ಲಿಗೆ ಓಡಿದೆವು. ತಿರುಗಿ ಬಂದಾಗ ಮಾಸ್ಕಿನೊಳಗೆ ವಾಂತಿ ತುಂಬಿತ್ತು. ಮೆಷಿನ್ನು ಆ ವಾಂತಿಯನ್ನು ಗಾಳಿಯ ಜೊತೆ ಒಳಗೆ ಒತ್ತುತ್ತಲೇ ಇತ್ತು. ಕೈಗಳು ಕಂಬಿಯಲ್ಲಿ ಜಗ್ಗಾಡಿ ಮಣಿಕಟ್ಟು ಸುಲಿದಿತ್ತು.

ನಳಿಕೆ ಹಾಕಿದರು. ನ್ಯುಮೋನಿಯಾ ಆಯಿತು. ಆರನೇ ದಿನ ತೀರಿಕೊಂಡರು. ಯಾರೂ ನನ್ನನ್ನು ಏನೂ ಕೇಳಲಿಲ್ಲ. ಕಾಯಿಲೆ ಜೋರಾಗಿತ್ತು ಎಂದರು. ಆದರೆ ಅವರು ಸುಮ್ಮನೆ ಚಡಪಡಿಸುತ್ತಿರಲಿಲ್ಲ. ಮಾಸ್ಕಿನ ಗಾಳಿ ಹೊಟ್ಟೆಗೂ ಹೋಗುತ್ತದೆ. ಹೊಟ್ಟೆ ಉಬ್ಬಿ ಅವರಿಗೆ ವಾಂತಿ ಬರುತ್ತಿತ್ತು. ಅದನ್ನು ಹೇಳಲು ಇದ್ದದ್ದು ಕೈಗಳು ಮಾತ್ರ, ಅವನ್ನು ನಾನು ಕಟ್ಟಿಹಾಕಿದೆ. ಒಮ್ಮೆ ಹೊಟ್ಟೆಯ ಮೇಲೆ ಅಂಗೈ ಇಟ್ಟು ನೋಡಿದ್ದರೆ ಸಾಕಿತ್ತು.

ತಂಗಿಯರೇ, ತಮ್ಮಂದಿರೇ, ಮಾಸ್ಕ್ ಹಾಕಿದವರ ಕೈ ಕಟ್ಟಬೇಡಿ. ಡ್ಯೂಟಿ ಡಾಕ್ಟರು ಹೇಳಿದರೂ ಒಮ್ಮೆ ನಿಂತು, ‘ಸರ್, ವಾಂತಿ ಬಂದರೆ?’ ಎಂದು ಕೇಳಿ. ಕೈಯನ್ನು ಹಿಡಿದುಕೊಳ್ಳಬಹುದು, ಮನೆಯವರಿಗೆ ಹಿಡಿದುಕೊಳ್ಳಲು ಹೇಳಬಹುದು. ಮಾಸ್ಕ್ ಹೇಗೆ ಬಿಚ್ಚುವುದು ಎಂದು ರೋಗಿಗೆ ಮೊದಲೇ ತೋರಿಸಿಕೊಟ್ಟರೆ ಕಿತ್ತುಹಾಕುವುದು ಕಡಿಮೆಯಾಗುತ್ತದೆ, ಹೆಚ್ಚಾಗುವುದಿಲ್ಲ. ನಾನು ಕಂಡದ್ದು ಇದು.

ಮಾಸ್ಕಿನ ಬಗ್ಗೆ ಕೆಲವು ಮಾತು. 1981ರಲ್ಲಿ ಸಿಡ್ನಿಯ ಕಾಲಿನ್ ಸಲಿವನ್ ಎಂಬ ಡಾಕ್ಟರು ನಿದ್ದೆಯಲ್ಲಿ ಉಸಿರು ಕಟ್ಟುವ ರೋಗಿಗಳಿಗೆ ಮೂಗಿನ ಮೂಲಕ ಒತ್ತಡದ ಗಾಳಿ ಕೊಡುವ ವಿಧಾನವನ್ನು ಪ್ರಕಟಿಸಿದರು. ಆ ಶುರುವಿನ ದಿನಗಳಲ್ಲಿ ಒಬ್ಬೊಬ್ಬ ರೋಗಿಯ ಮೂಗಿನ ಅಚ್ಚು ತೆಗೆದು ಅದಕ್ಕೆ ತಕ್ಕ ಮಾಸ್ಕ್ ಮಾಡುತ್ತಿದ್ದರು. ಈಗ ಮಾಸ್ಕುಗಳು ಸಣ್ಣದು, ಮಧ್ಯಮ, ದೊಡ್ಡದು ಎಂದು ಪ್ಯಾಕಿನಲ್ಲಿ ಬರುತ್ತವೆ. ಎಷ್ಟೋ ಐಸಿಯುಗಳಲ್ಲಿ ಸ್ಟೋರಿನಿಂದ ಮಧ್ಯಮ ಮಾತ್ರ ತರಿಸಿರುತ್ತಾರೆ. ಹಲ್ಲಿಲ್ಲದ ಕುಳಿಬಿದ್ದ ಕೆನ್ನೆಗೂ ಅದೇ, ಪೈಲ್ವಾನನ ದವಡೆಗೂ ಅದೇ. ಇಂಡೆಂಟ್ ಬರೆಯುವವರು ನೀವು. ಮೂರೂ ಸೈಜ್ ಇರಲೇಬೇಕು ಎಂದು ಬರೆಯಿರಿ, ಬರುವವರೆಗೆ ಬರೆಯುತ್ತಲೇ ಇರಿ. ಕಟ್ಟಿಸಿದ ಹಲ್ಲಿನ ಸೆಟ್ ಇದ್ದರೆ, ರೋಗಿಗೆ ಪೂರ್ತಿ ಎಚ್ಚರವಿದ್ದು ಸೆಟ್ ಬಿಗಿಯಾಗಿ ಕೂತಿದ್ದರೆ, ಅದನ್ನು ಬಾಯಲ್ಲೇ ಬಿಡಿ. ಕೆನ್ನೆ ತುಂಬಿದರೆ ಮಾಸ್ಕ್ ಕೂರುತ್ತದೆ. ಸ್ವಲ್ಪ ಸೋರಿದರೆ ಸೋರಲಿ, ಇಂದಿನ ಮೆಷಿನ್ನುಗಳು ಅಷ್ಟು ಸೋರಿಕೆಯನ್ನು ಲೆಕ್ಕ ಹಿಡಿದು ಸರಿದೂಗಿಸುತ್ತವೆ. ಕಣ್ಣಿಗೆ ಮಾತ್ರ ಸೋರಬಾರದು. ಮೂಗಿನ ದಿಂಡಿಗೆ ಮೊದಲ ದಿನವೇ ಮೆತ್ತನೆಯ ಡ್ರೆಸ್ಸಿಂಗ್ ಅಂಟಿಸಿ, ಗಾಯ ಆದ ಮೇಲಲ್ಲ. ಉಸಿರು ಹೊರಗೆ ಹೋಗುವ ಸಣ್ಣ ತೂತುಗಳು ಮಾಸ್ಕಿನಲ್ಲಿವೆಯೋ ಕೊಳವೆಯಲ್ಲಿವೆಯೋ ನೋಡಿಕೊಳ್ಳಿ. ಎಲ್ಲೂ ಇಲ್ಲದ ಮಾಸ್ಕನ್ನು ಒಂಟಿ ಕೊಳವೆಯ ಮೆಷಿನ್ನಿಗೆ ಹಾಕಿದರೆ, ಅಥವಾ ಸದ್ದು ಎಂದು ಆ ತೂತಿಗೆ ಟೇಪ್ ಸುತ್ತಿದರೆ, ರೋಗಿ ತಾನು ಬಿಟ್ಟ ಗಾಳಿಯನ್ನೇ ಮತ್ತೆ ಕುಡಿಯುತ್ತಾರೆ. ಟೇಪ್ ಸುತ್ತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹ್ಯುಮಿಡಿಫೈಯರಿಗೆ ನೀರು ಹಾಕಿದ್ದೀರಾ ಎಂದು ಪ್ರತಿ ಪಾಳಿಯಲ್ಲೂ ನೋಡಿ. ತುಟಿಗೆ ನೀರಿನ ಅಂಶದ ಜೆಲ್ ಹಚ್ಚಿ.

ಮುಖದ ಮಾಸ್ಕೇ ಆಗದವರಿಗೆ ತಲೆಗೆ ಹಾಕುವ ಪಾರದರ್ಶಕ ಹೆಲ್ಮೆಟ್ ಎಂಬ ಸಾಧನವಿದೆ. ಇಟಲಿಯಲ್ಲಿ ಬಹಳ ಬಳಕೆ, ಕೋವಿಡ್ ಕಾಲದ ಚಿತ್ರಗಳಲ್ಲಿ ನೀವೂ ನೋಡಿರುತ್ತೀರಿ. ಮೂಗಿನ ಹೈ ಫ್ಲೋ ಈಗ ನಮ್ಮ ಜಿಲ್ಲಾ ಆಸ್ಪತ್ರೆಗಳಿಗೂ ಬಂದಿದೆ. ಮಾಸ್ಕಿನ ಬಿಡುವಿನಲ್ಲಿ ಅದನ್ನು ಹಾಕಿ ಊಟ ಮಾಡಿಸಬಹುದು. ಇವನ್ನೆಲ್ಲ ಡಾಕ್ಟರೊಂದಿಗೆ ಮಾತಾಡಿ. ‘ಟಾಲರೇಟ್ ಮಾಡ್ತಿಲ್ಲ’ ಎಂಬಲ್ಲಿಗೆ ಮಾತು ನಿಲ್ಲಬಾರದು.

ನಾವು ಆಡುವ ಮಾತಿನ ಬಗ್ಗೆಯೂ ಹೇಳಬೇಕು. ‘ರಿಲ್ಯಾಕ್ಸ್ ಆಗಿ’, ‘ನಾರ್ಮಲ್ಲಾಗಿ ಬ್ರೀತ್ ಮಾಡಿ’ ಎನ್ನುತ್ತೇವೆ. ಉಸಿರಿಲ್ಲದವರಿಗೆ ನಾರ್ಮಲ್ಲಾಗಿ ಉಸಿರಾಡು ಎಂದರೆ ಏನರ್ಥ? ‘ಏನೂ ಆಗಲ್ಲ’ ಎಂದೂ ಹೇಳಬೇಡಿ, ಯಾಕೆಂದರೆ ಏನೋ ಆಗುತ್ತಿದೆ ಎಂಬುದು ಅವರಿಗೆ ಗೊತ್ತು. ‘ಮೊದಲ ಹತ್ತು ನಿಮಿಷ ಉಸಿರು ಕಟ್ಟಿದ ಹಾಗೆ ಅನ್ನಿಸುತ್ತೆ, ಆಮೇಲೆ ಹಗುರ ಆಗುತ್ತೆ, ಅಲ್ಲಿವರೆಗೂ ನಾನು ಇಲ್ಲೇ ಇರ್ತೀನಿ’ ಎನ್ನಿ, ಮತ್ತು ಅಲ್ಲೇ ಇರಿ. ನನ್ನ ಜೊತೆ ಕೇರಳದಿಂದ ಬಂದ ಒಬ್ಬ ಸಿಸ್ಟರ್ ಇದ್ದಳು. ಕನ್ನಡ ಅರ್ಧಂಬರ್ಧ. ಆದರೆ ‘ಅಪ್ಪಾಜಿ, ನಾನು ಉಂಟು’ ಎಂದು ಎದೆ ಮುಟ್ಟಿಕೊಂಡು ಹೇಳುತ್ತಿದ್ದಳು. ಆಕೆಯ ಬೆಡ್ಡಿನಲ್ಲಿ ಮಾಸ್ಕ್ ಕೀಳುವವರು ಕಡಿಮೆ. ಹುಬ್ಬಳ್ಳಿ ಕಡೆಯ ಬ್ರದರ್ ಒಬ್ಬರು ‘ಅಂಜಬ್ಯಾಡ್ರಿ ಯಪ್ಪಾ, ನಾ ಅದೀನಿ’ ಎನ್ನುತ್ತಿದ್ದರು. ಹೊರಗೆ ಕೂತ ಮನೆಯವರಲ್ಲಿ ಒಬ್ಬರನ್ನು ಆ ಮೊದಲ ಗಂಟೆ ಒಳಗೆ ಬಿಡಿ. ಕನ್ನಡಕ, ಕಿವಿಯ ಮೆಷಿನ್ನು ತೆಗೆದು ಮನೆಯವರ ಕೈಗೆ ಕೊಟ್ಟು ಕಳಿಸಬೇಡಿ. ಕಣ್ಣೂ ಇಲ್ಲ, ಕಿವಿಯೂ ಇಲ್ಲ, ಬಾಯಿಯೂ ಮುಚ್ಚಿದೆ ಎಂದರೆ ಯಾರಿಗಾದರೂ ಬುದ್ಧಿ ಕದಡುತ್ತದೆ. ಬರೆಯಲು ಬಾರದ ಹಿರಿಯರಿಗೆ ಸನ್ನೆ ಗೊತ್ತು ಮಾಡಿಕೊಳ್ಳಿ: ಹೆಬ್ಬೆರಳು ಬಾಯಿಗೆ ತಂದರೆ ನೀರು, ಹೊಟ್ಟೆ ಮುಟ್ಟಿದರೆ ವಾಂತಿ, ಕಿರುಬೆರಳು ಎತ್ತಿದರೆ ಉಚ್ಚೆ. ಬೆಲ್ಲು ಕೈಗೆ ಸಿಗುವಲ್ಲಿರಲಿ.

ಒಂದು ಎಚ್ಚರಿಕೆ. ಇದುವರೆಗೆ ಒದ್ದಾಡುತ್ತಿದ್ದವರು ಇದ್ದಕ್ಕಿದ್ದಂತೆ ಸುಮ್ಮನಾದರೆ ಸಮಾಧಾನ ಪಡಬೇಡಿ. ಹತ್ತಿರ ಹೋಗಿ ಹೆಸರು ಹಿಡಿದು ಕರೆಯಿರಿ. ಕಣ್ಣು ಬಿಟ್ಟು ನೋಡಿ, ಉಸಿರಿನ ಗತಿ ಇಳಿದು, ಕತ್ತಿನ ಸ್ನಾಯುಗಳು ಸಡಿಲವಾಗಿದ್ದರೆ ಮಾಸ್ಕ್ ಒಗ್ಗಿತು ಎಂದರ್ಥ. ಕರೆದರೂ ಕಣ್ಣು ಬಿಡದಿದ್ದರೆ ಡೈಆಕ್ಸೈಡ್ ಏರಿದೆ, ಅದು ನಿದ್ದೆಯಲ್ಲ. ತಾಳಿಕೊಂಡವರೂ ಕೈಬಿಟ್ಟವರೂ ದೂರದಿಂದ ಒಂದೇ ಥರ ಕಾಣುತ್ತಾರೆ. ಇದೇ ಕಾರಣಕ್ಕೆ ‘ಸ್ವಲ್ಪ ಮಲಗಿಸಿಬಿಡಿ’ ಎಂಬ ಇಂಜೆಕ್ಷನ್ನಿಗೆ ನಾನು ಹೆದರುತ್ತೇನೆ. ಡೆಕ್ಸ್‌ಮೆಡಿಟೊಮಿಡಿನ್‌ನಂಥ ಔಷಧಿಯನ್ನು ಅನುಭವವಿರುವ ಡಾಕ್ಟರು ಪಕ್ಕದಲ್ಲಿದ್ದು ಅಳತೆಯಲ್ಲಿ ಕೊಟ್ಟಾಗ ಎಷ್ಟೋ ಜನಕ್ಕೆ ಒಳ್ಳೆಯದಾಗಿದೆ. ನಾನು ಹೇಳುತ್ತಿರುವುದು, ಮಾಸ್ಕಿನ ಸೈಜು ನೋಡದೆ, ಒತ್ತಡ ಇಳಿಸಿ ನೋಡದೆ, ಒಂದು ಮಾತಾಡದೆ ಸಿರಿಂಜಿಗೆ ಕೈ ಹಾಕುವುದರ ಬಗ್ಗೆ.

ಎಲ್ಲ ಮಾಡಿಯೂ ಕೆಲವರಿಗೆ ಮಾಸ್ಕ್ ಸಾಲುವುದಿಲ್ಲ. ಅದನ್ನೂ ಹೇಳದಿದ್ದರೆ ಈ ಪತ್ರ ಅರ್ಧ ಸುಳ್ಳಾಗುತ್ತದೆ. ಒಂದು ಗಂಟೆ, ಎರಡು ಗಂಟೆ ಕಳೆದರೂ ಪಿಎಚ್ ಏರದೆ, ಉಸಿರಿನ ಗತಿ ಇಳಿಯದೆ, ಕಫ ತೆಗೆಯಲಾಗದೆ, ಮಂಪರು ಹೆಚ್ಚುತ್ತಿದ್ದರೆ ನಳಿಕೆಯನ್ನು ಮುಂದೂಡುವುದೇ ಅಪಾಯ. ನ್ಯುಮೋನಿಯಾದಂಥ ಕಾಯಿಲೆಗಳಲ್ಲಂತೂ, ಸಿಒಪಿಡಿಯ ಹಾಗಲ್ಲ, ಮಾಸ್ಕ್ ಸೋಲುವುದು ಜಾಸ್ತಿ. ಆಗ ಹಟ ಹಿಡಿದು ಮಾಸ್ಕನ್ನೇ ಒತ್ತಿ ಕೂರಬಾರದು. ರೋಗಿ ಮಾಸ್ಕ್ ಕೀಳುತ್ತಿದ್ದಾರೆ ಎಂದರೆ ಇದೂ ಅದರ ಅರ್ಥವಾಗಿರಬಹುದು: ‘ಇದು ನನಗೆ ಸಾಲುತ್ತಿಲ್ಲ.’ ಡಾಕ್ಟರಿಗೆ ಬೇಗ ಫೋನ್ ಮಾಡಿ. ಮತ್ತೆ ಕೆಲವು ಹಿರಿಯರು ನಳಿಕೆಯೂ ಬೇಡ, ಮಾಸ್ಕೂ ಬೇಡ ಎಂದು ತಿಳಿದೇ ಹೇಳುತ್ತಾರೆ. ಹಾಗೆ ಹೇಳಿದ ಒಬ್ಬ ಮೇಷ್ಟ್ರ ಮಾತನ್ನು ನಾವು ಮೂರು ದಿನ ‘ಅನ್‌ಕೋಆಪರೇಟಿವ್’ ಎಂದೇ ಬರೆದೆವು. ನಾಲ್ಕನೇ ದಿನ ಮಗಳು ಬಂದು ಕೂತು ಕೇಳಿದ ಮೇಲೆ ಅದು ನಿರ್ಧಾರ ಎಂದು ಗೊತ್ತಾಯಿತು. ಆಮೇಲೆ ಅವರಿಗೆ ಬೇಕಾದ ಹಾಗೆ, ದಮ್ಮಿನ ಯಾತನೆಗೆ ಔಷಧಿ ಕೊಟ್ಟು ನೋಡಿಕೊಂಡೆವು.

ನಿಮ್ಮ ಉತ್ತರ ನನಗೆ ಗೊತ್ತು: ‘ಅಕ್ಕಾ, ಒಬ್ಬ ಪೇಷಂಟಿಗೆ 40 ನಿಮಿಷ ಎಲ್ಲಿಂದ ತರೋಣ?’ ಸರಿಯಾದ ಪ್ರಶ್ನೆ. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೋ ಹರಡಿ ಉಸಿರು ನಿಂತ ಮಕ್ಕಳು ಆಸ್ಪತ್ರೆ ತುಂಬಿದಾಗ, ಬಿಯೊರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯರ ಸಲಹೆಯಂತೆ ಸುಮಾರು 1,500 ವೈದ್ಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಕೂತು ಕೈಯಿಂದ ರಬ್ಬರ್ ಚೀಲ ಒತ್ತಿ ಉಸಿರು ಕೊಟ್ಟರು. ಒಂದು ಹಾಸಿಗೆಗೆ ಒಬ್ಬರು, ಹಗಲೂ ರಾತ್ರಿ. ಇಂದಿನ ಐಸಿಯುಗೆ ಅದೇ ಬುನಾದಿ ಎಂದು ನಮಗೆ ಪಾಠದಲ್ಲಿ ಹೇಳಿದ್ದರು. ನೀವೀಗ ನಾಲ್ಕು ನಾಲ್ಕು ಹಾಸಿಗೆ ನೋಡುತ್ತೀರಿ. ಇದು ನಿಮ್ಮ ತಪ್ಪಲ್ಲ. ಆದರೆ ನರ್ಸಿಂಗ್ ಸೂಪರಿಂಟೆಂಡೆಂಟ್ ಎದುರು ಸಂಖ್ಯೆ ಹೇಳಿ ಕೇಳುವ ಧೈರ್ಯ ಮಾಡಿ: ಹೊಸದಾಗಿ ಬೈಪ್ಯಾಪ್ ಹಾಕಿದ ಹಾಸಿಗೆಗೆ ಮೊದಲ ಒಂದು ಗಂಟೆ ಒಬ್ಬ ನರ್ಸ್ ಪೂರ್ತಿ ಬೇಕು. ಆ 40 ನಿಮಿಷ ಉಳಿಸಲು ಹೋಗಿ ನಳಿಕೆ ಹಾಕಿಸಿದರೆ ಮುಂದಿನ ಹತ್ತು ದಿನದ ಆರೈಕೆಯೂ ನಿಮ್ಮದೇ. ಇದನ್ನು ಹಾಗೆಯೇ ಹೇಳಿ.

ಇಂದು ರಾತ್ರಿ ಪಾಳಿ ಬದಲಾಗುವಾಗ ಆ ಹಳೆಯ ಸಾಲಿನ ಬದಲು ಇಂಥದ್ದೇನಾದರೂ ಬರೆಯಿರಿ ಎಂಬುದು ನನ್ನ ಕೋರಿಕೆ. ಅಜ್ಜಿಯ ಚಾರ್ಟಿನಲ್ಲಿ ಆ ಹುಡುಗಿ ಮಾರನೆಯ ಬೆಳಗಿಗೆ ಬರೆದಿಟ್ಟದ್ದನ್ನು ನಾನು ನೋಟ್ ಪುಸ್ತಕಕ್ಕೆ ಇಳಿಸಿಕೊಂಡಿದ್ದೆ, ಅದನ್ನೇ ಕೊಡುತ್ತೇನೆ:

‘ಬೆಡ್ 6. ಬೈಪ್ಯಾಪ್ 14ಕ್ಕೆ 5. ಸಣ್ಣ ಮಾಸ್ಕ್. ಮೂಗುಬೊಟ್ಟು ತೆಗೆದಿದೆ, ಸೊಸೆಯ ಹತ್ತಿರ ಇದೆ. ಬಲಗಡೆ ಸಣ್ಣ ಗಾಯ, ಡ್ರೆಸ್ಸಿಂಗ್ ಹಾಕಿದೆ. ಮುಂದಕ್ಕೆ ಬಾಗಿ ಕೂತರೆ ಆರಾಮ. ಬಲಗಿವಿ ಕೇಳಿಸಲ್ಲ, ಎಡಗಡೆ ನಿಂತು ಮಾತಾಡಿ. ಗಂಟೆಗೊಂದು ಸಲ ಬಿಚ್ಚಿ ನೀರು; ಹೇಳಿದ ಟೈಮಿಗೆ ಬಿಚ್ಚಬೇಕು, ಗಡಿಯಾರ ನೋಡ್ತಾ ಇರ್ತಾರೆ.’

ನಿಮ್ಮ ಅಕ್ಕ,
ಒಬ್ಬ ನಿವೃತ್ತ ಐಸಿಯು ನರ್ಸ್